ಬಲಮುರಿಯೋ, ಎಡಮುರಿಯೋ?

ಮೈಸೂರಿನ ಚೆಲುವಾಂಬಾ ಮ್ಯಾನ್ಷನ್ ಎಂದರೆ ಊರಿನವರಿಗೆ ಥಟ್ಟನೆ ನೆನಪಾಗುವುದು ಆಹಾರ. ರಾಜಕುಮಾರಿಗೆಂದು ಕಟ್ಟಿಸಿದ ಆ ಭವ್ಯ ಬಂಗಲೆ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ನೆಲೆ. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ರೂಪುಗೊಂಡದ್ದು ಇಲ್ಲಿ. ಸಿಎಫ್‌ಟಿಆರ್‌ಐ ಎಂದರೆ ಸಾಕು, ಊರಿನ ಯಾರೂ ದಾರಿ ತೋರಿಸುತ್ತಾರೆ.

ಈ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದ ವಸ್ತು ಮಾತ್ರ ಆಹಾರವಾಗಿರಲಿಲ್ಲ. ಅಲ್ಝೈಮರ್ ಕಾಯಿಲೆ ಇದ್ದು ತೀರಿಕೊಂಡವರ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಿಂದ ಅವರು ಡಿಎನ್‌ಎ ಬೇರ್ಪಡಿಸಿದ್ದರು. ಹೊಸ ನೆನಪುಗಳನ್ನು ಕೂಡಿಡಲು ಬೇಕೇ ಬೇಕಾದ ಭಾಗ ಅದು. ಬೆಳಿಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ಮರೆತುಹೋಗುವುದು, ಕಡೆಕಡೆಗೆ ಹೆತ್ತ ಮಗಳನ್ನೇ ‘ನೀವು ಯಾರು?’ ಎಂದು ಕೇಳುವುದು, ಇವೆಲ್ಲಕ್ಕೂ ಅಲ್ಲಿನ ಹಾನಿಗೂ ಸಂಬಂಧವಿದೆ. ಕೆ. ಎಸ್. ಜಗನ್ನಾಥ ರಾವ್ ಮತ್ತು ಸಂಗಡಿಗರು ವರದಿ ಮಾಡಿದ್ದು ಇಷ್ಟು: ಆರೋಗ್ಯವಂತರ ಮಿದುಳಿನಲ್ಲಿ ಡಿಎನ್‌ಎ ಎಂದಿನಂತೆ ಬಲಕ್ಕೆ ಸುತ್ತಿಕೊಂಡಿತ್ತು. ರೋಗ ತೀವ್ರವಾಗಿದ್ದವರಲ್ಲಿ ಅದು ಎಡಕ್ಕೆ ತಿರುಗಿದ ರೂಪ ತೋರಿಸಿತು. ರೋಗ ಮಧ್ಯಮವಾಗಿದ್ದವರಲ್ಲಿ ಇವೆರಡರ ನಡುವಿನ ಸ್ಥಿತಿ.

ಮೈಸೂರಿನವರಿಗೆ ಬಲಮುರಿ, ಎಡಮುರಿ ಎಂದರೆ ಕಾವೇರಿಯ ನೀರಿಗೆ ಕಾಲು ಇಳಿಬಿಟ್ಟು ಕೂರುವ ಜಾಗಗಳು. ಡಿಎನ್‌ಎಗೂ ಈ ಎರಡು ಮಾತುಗಳು ಚೆನ್ನಾಗಿ ಒಪ್ಪುತ್ತವೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಸ್ಕ್ರೂವಿನ ಮೈಮೇಲಿನ ಸುತ್ತು ಬಲಮುರಿ. ಕನ್ನಡಿಯಲ್ಲಿ ಕಾಣುವ ಅದರ ಬಿಂಬ ಎಡಮುರಿ. ಆದರೆ ಮಿದುಳಿನೊಳಗಿನ ಅಣುವೊಂದು ಯಾವ ಕಡೆ ಮುರಿದುಕೊಂಡಿದ್ದರೆ ಏನಂತೆ? ಅದರಲ್ಲಿ ಬರೆದ ಅಕ್ಷರಗಳು ಹಾಗೆಯೇ ಇವೆಯಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟರೆ ಕನ್ನಡ ನಾಡಿನ ವಿಜ್ಞಾನಿಗಳ ಅರ್ಧ ಶತಮಾನದ ಒಂದು ಕತೆ ತೆರೆದುಕೊಳ್ಳುತ್ತದೆ.

ಬರಹವೂ ಹೌದು, ಹುರಿಯೂ ಹೌದು

ಡಿಎನ್‌ಎಯನ್ನು ಜೀವದ ಗ್ರಂಥ ಎಂದು ಕರೆಯುವುದು ರೂಢಿ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಒಂದು ಎಳೆಯಲ್ಲಿ ಎ ಇದ್ದರೆ ಎದುರಿನ ಎಳೆಯಲ್ಲಿ ಟಿ, ಜಿ ಇದ್ದರೆ ಎದುರಿಗೆ ಸಿ. ಮನುಷ್ಯನ ಒಂದು ಜೀವಕೋಶದಲ್ಲಿ ಇಂಥ ಸುಮಾರು 600 ಕೋಟಿ ಜೋಡಿಗಳಿವೆ. ಮಾನವನ ಈ ಬರಹವನ್ನು ಓದುವ ಅಂತರರಾಷ್ಟ್ರೀಯ ಯೋಜನೆ 2003ರಲ್ಲಿ ಮುಗಿಯಿತು. ಉಳಿದಿದ್ದ ಖಾಲಿ ಜಾಗಗಳು 2022ರ ಹೊತ್ತಿಗೆ ಬಹುಮಟ್ಟಿಗೆ ತುಂಬಿದವು.

ಆದರೆ ಡಿಎನ್‌ಎ ಕೇವಲ ಬರಹವಲ್ಲ, ಒಂದು ವಸ್ತು ಕೂಡ. ಎರಡು ಎಳೆ ಸೇರಿಸಿ ಹೊಸೆದ ಹುರಿಯಂಥ ವಸ್ತು. ಅಗಲ ಕೇವಲ 2 ನ್ಯಾನೊಮೀಟರ್, ಅಂದರೆ ಮಿಲಿಮೀಟರನ್ನು ಐದು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು ಪಾಲು. ಒಂದು ಕೋಶದ ಹುರಿಯನ್ನೆಲ್ಲ ಬಿಚ್ಚಿ ಸಾಲಾಗಿ ಹಿಡಿದರೆ ಉದ್ದ ಸುಮಾರು 2 ಮೀಟರ್. ಇದಿಷ್ಟೂ ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತ ಚಿಕ್ಕದಾದ ಕೋಶಕೇಂದ್ರದೊಳಗೆ ಮಡಚಿ ಕೂರಬೇಕು. ಮಡಚಲು ಹುರಿ ಅಲ್ಲಲ್ಲಿ ಬಾಗಬೇಕು. ಎಲ್ಲಿ ಸುಲಭವಾಗಿ ಬಾಗುತ್ತದೆ, ಎಲ್ಲಿ ಸೆಟೆದು ನಿಲ್ಲುತ್ತದೆ ಎಂಬುದು ಆ ಜಾಗದ ಅಕ್ಷರಗಳನ್ನೇ ಅವಲಂಬಿಸಿದೆ.

ಇನ್ನೂ ಒಂದು ಸಂಗತಿ. ಯಾವ ಜೀನು ಯಾವಾಗ ಕೆಲಸ ಶುರುಮಾಡಬೇಕು, ಯಾವಾಗ ಸುಮ್ಮನಿರಬೇಕು ಎಂದು ನಿರ್ಧರಿಸುವ ಪ್ರೋಟೀನುಗಳಿಗೆ ಕಣ್ಣಿಲ್ಲ. ಅವು ಬ್ರೈಲ್ ಲಿಪಿ ಓದುವ ಅಂಧರಂತೆ ಡಿಎನ್‌ಎಯನ್ನು ಸವರಿ, ತಡವಿ ತಮ್ಮ ಜಾಗ ಗುರುತಿಸುತ್ತವೆ. ಒಂದೊಂದು ಅಕ್ಷರದ ಅಂಚು ಅವುಗಳಿಗೆ ಸಿಗುತ್ತದೆ, ನಿಜ. ಜೊತೆಗೆ ಹುರಿಯ ಮೈಮೇಲಿನ ತೋಡು ಅಲ್ಲಿ ಅಗಲವೋ ಕಿರಿದೋ, ಹುರಿ ನೆಟ್ಟಗಿದೆಯೋ ಬಾಗಿದೆಯೋ ಎಂಬುದೂ ಸಿಗುತ್ತದೆ. ಹಾಗಾಗಿ ಅಕ್ಷರಗಳ ಸಾಲು ಕೊಟ್ಟರೆ ಆಕಾರ ಹೇಳಬಲ್ಲೆವೆ ಎಂಬುದು ಜೀವವಿಜ್ಞಾನದ ದೊಡ್ಡ ಪ್ರಶ್ನೆಗಳಲ್ಲೊಂದಾಯಿತು.

ಬೆಟ್ಟದ ಮೇಲಿನಿಂದ ಕಂಡ ಜಂಬೂಸವಾರಿ

1953ರ ಏಪ್ರಿಲ್ 25ರ ‘ನೇಚರ್’ ಪತ್ರಿಕೆಯಲ್ಲಿ ವಾಟ್ಸನ್ ಮತ್ತು ಕ್ರಿಕ್ ಪ್ರಕಟಿಸಿದ ಜೋಡಿ ಸುರುಳಿಯ ಮಾದರಿ ಎಲ್ಲರಿಗೂ ಗೊತ್ತಿರುವುದೇ. ಅದಕ್ಕೆ ಆಧಾರವಾಗಿದ್ದುದು ಲಂಡನ್ನಿನಲ್ಲಿ ರೊಸಲಿಂಡ್ ಫ್ರಾಂಕ್ಲಿನ್, ರೇಮಂಡ್ ಗಾಸ್ಲಿಂಗ್ ಮತ್ತು ಮಾರಿಸ್ ವಿಲ್ಕಿನ್ಸ್ ತಂಡದವರು ತೆಗೆದ ಕ್ಷ-ಕಿರಣ ಚಿತ್ರಗಳು. ಬಲಮುರಿ ಸುರುಳಿ, ಸುತ್ತಿಗೆ ಹತ್ತು ಮೆಟ್ಟಿಲು, ಮೆಟ್ಟಿಲಿಗೆ 36 ಡಿಗ್ರಿ ತಿರುವು, ಮೆಟ್ಟಿಲುಗಳ ನಡುವೆ 0.34 ನ್ಯಾನೊಮೀಟರ್ ಅಂತರ. ಶಾಲೆಯ ಪುಸ್ತಕದಲ್ಲಿ ಇಂದಿಗೂ ಅಚ್ಚಾಗುವ ಚಿತ್ರ ಅದೇ.

ಆ ಚಿತ್ರಗಳನ್ನು ತೆಗೆದದ್ದು ಡಿಎನ್‌ಎಯ ನೂಲಿನಂಥ ಎಳೆಗಳಿಂದ. ಅದರಲ್ಲಿ ಲಕ್ಷಾಂತರ ಅಣುಗಳು, ಒಂದೊಂದರಲ್ಲೂ ಬೇರೆ ಬೇರೆ ಅಕ್ಷರಗಳ ಸಾಲು. ಕ್ಷ-ಕಿರಣಕ್ಕೆ ಸಿಕ್ಕಿದ್ದು ಅವೆಲ್ಲದರ ಸರಾಸರಿ. ದಸರೆಯ ದಿನ ಚಾಮುಂಡಿ ಬೆಟ್ಟದ ಮೇಲೆ ನಿಂತು ಜಂಬೂಸವಾರಿಯ ಜನಜಂಗುಳಿಯನ್ನು ನೋಡಿದಂತೆ. ಜನ ಯಾವ ಕಡೆ ಹೋಗುತ್ತಿದ್ದಾರೆ ಎಂಬುದು ಕಾಣುತ್ತದೆ, ಯಾರ ಮುಖವೂ ಕಾಣುವುದಿಲ್ಲ. ಎಲ್ಲ ಮೆಟ್ಟಿಲುಗಳೂ ಒಂದೇ ಅಚ್ಚಿನವು ಎಂದು 1953ರ ಮಾದರಿ ಭಾವಿಸಿದ್ದು ಹೀಗೆ.

ಬೆಂಗಳೂರಿನಲ್ಲಿ ಎದ್ದ ಸಂದೇಹ

ಸರಾಸರಿ ಚಿತ್ರದಲ್ಲಿ ಸಂದೇಹಕ್ಕೂ ಜಾಗವಿತ್ತು. ಎರಡು ಎಳೆಗಳು ಜಡೆಯಂತೆ ಒಂದನ್ನೊಂದು ಸುತ್ತಿಕೊಂಡಿದ್ದರೆ ಕೋಶ ಎರಡಾಗುವಾಗ ಲಕ್ಷಾಂತರ ಸುತ್ತುಗಳನ್ನು ಬಿಚ್ಚುವುದು ಹೇಗೆ? 1970ರ ದಶಕದಲ್ಲಿ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ಭೂಮಿಯ ಎರಡು ದೂರದ ಮೂಲೆಗಳಲ್ಲಿದ್ದರು. ನ್ಯೂಜಿಲೆಂಡಿನ ಗಾರ್ಡನ್ ರಾಡ್ಲಿ ಮತ್ತು ಸಂಗಡಿಗರು ಒಂದು ಕಡೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ಶಶಿಶೇಖರನ್ ಮತ್ತು ಶಿಷ್ಯರು ಇನ್ನೊಂದು ಕಡೆ.

ಶಶಿಶೇಖರನ್ ಸಾಮಾನ್ಯರಲ್ಲ. ಜಿ. ಎನ್. ರಾಮಚಂದ್ರನ್ ಅವರ ಶಿಷ್ಯರು. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಬಾಗಬಲ್ಲುದು, ಯಾವ ಕೋನಗಳಲ್ಲಿ ಬಾಗಲಾರದು ಎಂದು ತೋರಿಸುವ, ಜಗತ್ತಿನ ಪಠ್ಯಪುಸ್ತಕಗಳಲ್ಲೆಲ್ಲ ಇರುವ ‘ರಾಮಚಂದ್ರನ್ ನಕ್ಷೆ’ಯನ್ನು 1963ರಲ್ಲಿ ಮದರಾಸಿನಿಂದ ಪ್ರಕಟಿಸಿದ ಮೂವರಲ್ಲಿ ಅವರೂ ಒಬ್ಬರು. ಅದೇ ಲೆಕ್ಕಾಚಾರದ ದಾರಿಯನ್ನು ಅವರು ಡಿಎನ್‌ಎಗೂ ಹಿಡಿದರು. ಪರಮಾಣುಗಳು ಒಂದಕ್ಕೊಂದು ತಾಕದಂತೆ ಬಲಮುರಿ ಸುರುಳಿ ಕಟ್ಟಬಹುದು, ಎಡಮುರಿಯನ್ನೂ ಕಟ್ಟಬಹುದು ಎಂದು ಲೆಕ್ಕ ತೋರಿಸಿತು. ಒಂದಷ್ಟು ದೂರ ಬಲಕ್ಕೆ, ಒಂದಷ್ಟು ದೂರ ಎಡಕ್ಕೆ ತಿರುಗುತ್ತ ಹೋದರೆ ಎರಡು ಎಳೆಗಳು ಹೆಣೆದುಕೊಳ್ಳದೆ ಅಕ್ಕಪಕ್ಕ ಮಲಗಿರುತ್ತವೆ, ಬಿಚ್ಚುವ ಗೋಜೇ ಇಲ್ಲ. ಈ ವಾದ 1978ರಲ್ಲಿ ‘ನೇಚರ್’ ಪತ್ರಿಕೆಯಲ್ಲೂ ಬಂತು.

ಇಡೀ ಡಿಎನ್‌ಎ ಅಕ್ಕಪಕ್ಕ ಮಲಗಿದೆ ಎಂಬ ವಾದ ನಿಲ್ಲಲಿಲ್ಲ. ಉಂಗುರದಂತೆ ಮುಚ್ಚಿಕೊಂಡ ಡಿಎನ್‌ಎಗಳಲ್ಲಿ ಎಳೆಗಳು ಪರಸ್ಪರ ಎಷ್ಟು ಬಾರಿ ಸುತ್ತಿಕೊಂಡಿವೆ ಎಂದು ಎಣಿಸುವ ಪ್ರಯೋಗಗಳು ಬಂದವು. ಅವುಗಳ ಆಧಾರದ ಮೇಲೆ 1979ರಲ್ಲಿ ಸ್ವತಃ ಕ್ರಿಕ್, ಜೇಮ್ಸ್ ವಾಂಗ್ ಮತ್ತು ವಿಲಿಯಂ ಬಾವರ್, ಎಳೆಗಳು ಹೆಣೆದುಕೊಂಡಿರುವುದು ನಿಜ ಎಂದು ತೀರ್ಪಿತ್ತರು. ಬಿಚ್ಚುವ ತೊಡಕಿಗೂ ಪ್ರಕೃತಿಯ ಬಳಿ ಉಪಾಯವಿತ್ತು. ಎಳೆಯನ್ನು ಕತ್ತರಿಸಿ, ತಿರುವು ಸಡಿಲಿಸಿ, ಮತ್ತೆ ಬೆಸೆಯುವ ಕಿಣ್ವವನ್ನು ವಾಂಗ್ 1971ರಲ್ಲೇ ವರದಿ ಮಾಡಿದ್ದರು.

ಹಾಗೆಂದು ಬೆಂಗಳೂರಿನ ಲೆಕ್ಕ ವ್ಯರ್ಥವಾಗಲಿಲ್ಲ. ಡಿಎನ್‌ಎ ಒಂದೇ ರೂಪಕ್ಕೆ ಅಂಟಿಕೊಂಡ ಜಡ ಕಂಬವಲ್ಲ, ಸಂದರ್ಭ ಬಂದರೆ ಎಡಮುರಿಯೂ ಆಗಬಲ್ಲುದು ಎಂಬ ಮಾತು ಸ್ವಲ್ಪದರಲ್ಲೇ ನಿಜವಾಯಿತು. ಅದಕ್ಕೆ ಬೇಕಾಗಿದ್ದುದು ಜನಜಂಗುಳಿಯ ಚಿತ್ರವಲ್ಲ, ಒಂದೊಂದು ಮುಖದ ಚಿತ್ರ.

ನಾಲ್ಕು ಅಕ್ಷರದ ಹರಳು

ಆ ಮುಖಗಳನ್ನು ಮೊದಲು ಕಂಡವರಲ್ಲಿ ಒಬ್ಬರು ಎಂ. ಎ. ವಿಶ್ವಾಮಿತ್ರ. ಹೆಸರಿನ ಮೊದಲ ಅಕ್ಷರ ಮೈಸೂರು, ಎರಡನೆಯದು ಅನಂತಮೂರ್ತಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಫಟಿಕ ವಿಜ್ಞಾನಿಯಾಗಿದ್ದ ಅವರು ಕೇಂಬ್ರಿಜ್‌ನ ಓಲ್ಗಾ ಕೆನಾರ್ಡ್ ಮತ್ತು ಇತರರ ಜೊತೆ ಸೇರಿ ಬಿಡಿಸಿದ್ದು ನಾಲ್ಕೇ ಅಕ್ಷರಗಳ ಒಂದು ತುಣುಕಿನ ರಚನೆಯನ್ನು. ಎ, ಟಿ, ಎ, ಟಿ. ಕಾರ್ಖಾನೆಯ ಅಚ್ಚಿನಂತೆ ಪ್ರತಿ ಅಣುವಿನಲ್ಲೂ ಅದೇ ನಾಲ್ಕು ಅಕ್ಷರ, ಅದೇ ಕ್ರಮ. ಇಂಥ ಅಣುಗಳು ಸಾಲಾಗಿ ಕೂತು ಹರಳುಗಟ್ಟಿದಾಗ ಕ್ಷ-ಕಿರಣ ಹಾಯಿಸಿದರೆ ಒಂದೊಂದು ಪರಮಾಣುವಿನ ಸ್ಥಾನವನ್ನೂ ಲೆಕ್ಕ ಹಾಕಿ ಹೇಳಬಹುದು.

1978ರ ಜೂನ್‌ನಲ್ಲಿ ‘ನೇಚರ್’ನಲ್ಲಿ ಬಂದ ಆ ಪ್ರಬಂಧ, ಡಿಎನ್‌ಎ ಜೋಡಿ ಸುರುಳಿಯ ತುಣುಕೊಂದನ್ನು ಪರಮಾಣು ಮಟ್ಟದಲ್ಲಿ ತೋರಿಸಿತು. ಆ ತುಣುಕು ಬಹಳ ಚಿಕ್ಕದು. ಒಂದು ಅಣುವಿನ ಅರ್ಧ ಒಂದು ನೆರೆಯ ಅಣುವಿನ ಜೊತೆ, ಇನ್ನರ್ಧ ಮತ್ತೊಂದು ನೆರೆಯ ಜೊತೆ ಜೋಡಿಯಾಗಿ ಎರಡೆರಡೇ ಮೆಟ್ಟಿಲಿನ ಪುಟಾಣಿ ಸುರುಳಿಗಳಾಗಿದ್ದವು. ಆದರೂ ಅವು ಬಲಮುರಿಯೇ ಎಂಬುದು ಸ್ಪಷ್ಟವಾಗಿತ್ತು. ಎ ಮತ್ತು ಟಿ ಜೋಡಿಯಾಗಿದ್ದುದು ವಾಟ್ಸನ್-ಕ್ರಿಕ್ ಹೇಳಿದಂತೆಯೇ.

ಸೋಜಿಗ ಇದ್ದದ್ದು ಬೇರೆ ಕಡೆ. ಅಕ್ಷರಗಳನ್ನು ಹಿಡಿದಿಡುವ ಎಳೆಯಲ್ಲಿ ಸಕ್ಕರೆಯ ಉಂಗುರಗಳಿರುತ್ತವೆ. ಎ ಅಕ್ಷರದ ಸಕ್ಕರೆ ಒಂದು ಬಗೆಯಲ್ಲಿ ಮಡಚಿಕೊಂಡಿದ್ದರೆ ಟಿ ಅಕ್ಷರದ ಸಕ್ಕರೆ ಇನ್ನೊಂದು ಬಗೆಯಲ್ಲಿ ಮಡಚಿಕೊಂಡಿತ್ತು. ಅಕ್ಷರ ಬದಲಾದರೆ ಮೈಯೂ ಬದಲಾಗುತ್ತದೆ! ಎಲ್ಲ ಮೆಟ್ಟಿಲೂ ಒಂದೇ ಅಚ್ಚಿನವು ಎಂಬ ಇಪ್ಪತ್ತೈದು ವರ್ಷದ ನಂಬಿಕೆಯನ್ನು ಈ ಚಿಕ್ಕ ಹರಳು ಅಲುಗಿಸಿತು.

ಮರುವರ್ಷವೇ ವಿಶ್ವಾಮಿತ್ರ, ಕೆನಾರ್ಡ್ ಮತ್ತಿತರರು ಏರನ್ ಕ್ಲುಗ್ ಜೊತೆ ಸೇರಿ ಈ ಸೂಚನೆಯನ್ನು ಮುಂದುವರಿಸಿದರು. ಕ್ಲುಗ್‌ಗೆ 1982ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಎ ಮತ್ತು ಟಿ ಒಂದಾದ ಮೇಲೊಂದು ಬರುವ ಉದ್ದನೆಯ ಡಿಎನ್‌ಎಯಲ್ಲಿ ಮೆಟ್ಟಿಲುಗಳು ಒಂದು ಹೀಗೆ, ಒಂದು ಹಾಗೆ ಎಂದು ಸರದಿಯಂತೆ ಇರಬೇಕು ಎಂಬ ಮಾದರಿ ಅದು. ಬ್ಯಾಕ್ಟೀರಿಯದ ಒಂದು ಜೀನಿಗೆ ಬೀಗ ಹಾಕುವ ‘ಲ್ಯಾಕ್ ರಿಪ್ರೆಸರ್’ ಎಂಬ ಪ್ರೋಟೀನು ಇಂಥ ಎಟಿಎಟಿ ಸಾಲನ್ನು ಸಾಮಾನ್ಯ ಡಿಎನ್‌ಎಗಿಂತ ಬಿಗಿಯಾಗಿ ಹಿಡಿಯುವುದು ಮೊದಲೇ ತಿಳಿದಿತ್ತು. ಅದಕ್ಕೂ ಈ ಆಕಾರಕ್ಕೂ ನಂಟು ಇರಬಹುದು ಎಂದು ಅವರು ಸೂಚಿಸಿದರು. ಅಕ್ಷರ, ಆಕಾರ, ಕೆಲಸ ಎಂಬ ಮೂರು ಕೊಂಡಿಗಳು ಒಂದೇ ಸರಪಳಿಯಲ್ಲಿ ಸೇರಿದವು.

1979ರ ಕೊನೆಗೆ ಇನ್ನೊಂದು ಅಚ್ಚರಿ ಕಾದಿತ್ತು. ಅಮೆರಿಕದ ಅಲೆಕ್ಸಾಂಡರ್ ರಿಚ್ ತಂಡ ಸಿಜಿಸಿಜಿಸಿಜಿ ಎಂಬ ತುಣುಕನ್ನು ಹರಳುಗಟ್ಟಿಸಿ ನೋಡಿದರೆ ಅದು ಎಡಮುರಿ! ಅದರ ಎಳೆ ಅಂಕುಡೊಂಕಾಗಿ ಸಾಗುವುದರಿಂದ ಅದಕ್ಕೆ ‘ಝಡ್’ ಡಿಎನ್‌ಎ ಎಂಬ ಹೆಸರು ಬಿತ್ತು. 1980ರಲ್ಲಿ ರಿಚರ್ಡ್ ಡಿಕರ್ಸನ್ ತಂಡ ಹನ್ನೆರಡು ಅಕ್ಷರಗಳ ತುಣುಕಿನ ರಚನೆ ಕೊಟ್ಟಿತು. ಬಲಮುರಿ ಸುರುಳಿಯ ಒಂದು ಪೂರ್ತಿ ಸುತ್ತು ಪರಮಾಣು ಪರಮಾಣುವಾಗಿ ಕಂಡದ್ದು ಅದೇ ಮೊದಲು. ನಡುವಿನ ಎಎಟಿಟಿ ಇರುವಲ್ಲಿ ಸುರುಳಿಯ ಸಣ್ಣ ತೋಡು ಎದ್ದು ಕಾಣುವಷ್ಟು ಕಿರಿದಾಗಿತ್ತು.

ವಾರೆಕೋರೆ ಮೆಟ್ಟಿಲುಗಳ ಲೆಕ್ಕ

ಇಷ್ಟಾದ ಮೇಲೆ ಪ್ರಶ್ನೆ ಬದಲಾಯಿತು. ಒಂದೊಂದು ತುಣುಕನ್ನೂ ಹರಳುಗಟ್ಟಿಸಿ ನೋಡುತ್ತ ಕೂರಲು ಆಯುಷ್ಯ ಸಾಲದು. ಅಕ್ಷರದ ಸಾಲನ್ನು ನೋಡಿ ಆಕಾರವನ್ನು ಲೆಕ್ಕದಿಂದಲೇ ಹೇಳಬಹುದೆ?

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಎಲ್ಲ ಮೆಟ್ಟಿಲೂ ಒಂದೇ ಸಮ ಇಲ್ಲ ಎಂಬುದು ಮೊಣಕಾಲಿನಿಂದಲೇ ಗೊತ್ತು. ಒಂದು ಎತ್ತರ, ಒಂದು ತಗ್ಗು, ಇನ್ನೊಂದು ಪಕ್ಕಕ್ಕೆ ವಾಲಿದ್ದು. ಡಿಎನ್‌ಎ ಏಣಿಯ ಮೆಟ್ಟಿಲುಗಳೂ ಹಾಗೆಯೇ. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಹೋಗುವಾಗ ಮುಖ್ಯವಾಗಿ ಮೂರು ಕೋನಗಳನ್ನು ಅಳೆಯಬೇಕು. ಎಷ್ಟು ತಿರುಚಿದೆ, ತೋಡಿನ ಕಡೆಗೆ ಎಷ್ಟು ಹೊರಳಿದೆ, ಪಕ್ಕಕ್ಕೆ ಎಷ್ಟು ವಾಲಿದೆ. ತಿರುಚು ಎಲ್ಲ ಕಡೆಯೂ 36 ಡಿಗ್ರಿ ಅಲ್ಲ. ಹರಳುಗಳಲ್ಲಿ ಅದು ಕೆಲವೆಡೆ 30ರ ಆಸುಪಾಸು, ಕೆಲವೆಡೆ 40ರ ಆಸುಪಾಸು ಇರುವುದು ಕಂಡುಬಂತು.

ಇದು ಯಾಕೆ ಹೀಗೆ ಎಂಬುದಕ್ಕೆ 1982ರಲ್ಲಿ ಚೊಕ್ಕವಾದ ವಿವರಣೆ ಕೊಟ್ಟವರು ಜೀವವಿಜ್ಞಾನಿಯಲ್ಲ, ಕೇಂಬ್ರಿಜ್‌ನ ಎಂಜಿನಿಯರ್ ಕ್ರಿಸ್ ಕ್ಯಾಲಡೀನ್. ಎ ಮತ್ತು ಜಿ ದೊಡ್ಡ ಅಕ್ಷರಗಳು, ಟಿ ಮತ್ತು ಸಿ ಚಿಕ್ಕವು. ಪ್ರತಿ ಜೋಡಿಯೂ ಫ್ಯಾನಿನ ರೆಕ್ಕೆಗಳಂತೆ ಕೊಂಚ ತಿರುಚಿಕೊಂಡಿರುತ್ತದೆ. ಹಾಗಾಗಿ ಕೆಲವು ಕ್ರಮಗಳಲ್ಲಿ ಕೆಳಗಿನ ಮೆಟ್ಟಿಲಿನ ದೊಡ್ಡ ಅಕ್ಷರಕ್ಕೆ ಮೇಲಿನ ಮೆಟ್ಟಿಲಿನ ದೊಡ್ಡ ಅಕ್ಷರ ತಾಕುತ್ತದೆ. ತುಂಬಿದ ಬಸ್ಸಿನಲ್ಲಿ ಮೊಣಕೈ ತಗಲಿದವರು ಸರಿದು ನಿಲ್ಲುವಂತೆ ಮೆಟ್ಟಿಲುಗಳು ಹೊರಳಿ, ಜರುಗಿ ಜಾಗ ಮಾಡಿಕೊಳ್ಳುತ್ತವೆ.

ಮೆಟ್ಟಿಲು ವಾಲಿದ ಮಾತ್ರಕ್ಕೆ ಇಡೀ ಸುರುಳಿ ಬಾಗಬೇಕೆಂದಿಲ್ಲ. ಮಿನಾರಿನೊಳಗಿನ ಸುತ್ತುಮೆಟ್ಟಿಲನ್ನು ನೆನೆಸಿಕೊಳ್ಳಿ. ಒಂದು ಮೆಟ್ಟಿಲು ಹೊರಕ್ಕೆ ವಾಲಿದ್ದು ಅದು ಪೂರ್ವಕ್ಕಿದ್ದರೆ, ಅರ್ಧ ಸುತ್ತಿನ ಮೇಲೆ ಅಷ್ಟೇ ವಾಲಿದ ಇನ್ನೊಂದು ಪಶ್ಚಿಮಕ್ಕಿರುತ್ತದೆ. ಎರಡೂ ಕಳೆದು ಮಿನಾರು ನೆಟ್ಟಗೇ ನಿಲ್ಲುತ್ತದೆ. ಪೂರ್ವ ದಿಕ್ಕಿಗೆ ಬರುವ ಮೆಟ್ಟಿಲುಗಳು ಮಾತ್ರ ಪ್ರತಿ ಸುತ್ತಿನಲ್ಲೂ ವಾಲುತ್ತ ಹೋದರೆ? ಆಗ ವಾಲಿಕೆ ಕೂಡುತ್ತ ಹೋಗಿ ಮಿನಾರು ಬಿಲ್ಲಿನಂತೆ ಬಾಗುತ್ತದೆ. ಇಸ್ರೇಲಿನ ಎಡ್ವರ್ಡ್ ಟ್ರಿಫೊನೊವ್ ಮತ್ತು ಜೋಯಲ್ ಸಸ್ಮನ್ 1980ರಲ್ಲಿ ಹೇಳಿದ್ದು ಇದನ್ನೇ. ಎಎ ಎಂಬ ಜೋಡಕ್ಷರ ಹತ್ತೂವರೆ ಮೆಟ್ಟಿಲಿಗೊಮ್ಮೆ ಮರುಕಳಿಸುತ್ತಿದ್ದರೆ ಡಿಎನ್‌ಎ ತಾನಾಗಿ ಬಾಗಬೇಕು.

ಎರಡೇ ವರ್ಷದಲ್ಲಿ ಸಾಕ್ಷಿ ಸಿಕ್ಕಿತು. ಕಾಲಾ ಅಜಾರ್ ರೋಗಾಣುವಿನ ಕುಲಕ್ಕೇ ಸೇರಿದ, ಹಲ್ಲಿ ಜಾತಿಯ ಪ್ರಾಣಿಗಳಲ್ಲಿ ಇರುವ ಒಂದು ಪರಾವಲಂಬಿಯ ಡಿಎನ್‌ಎ ತುಣುಕು, ಜೆಲ್‌ನಲ್ಲಿ ಓಡಿಸಿದಾಗ ತನ್ನ ಉದ್ದಕ್ಕೆ ತಕ್ಕ ವೇಗದಲ್ಲಿ ಓಡದೆ ಹಿಂದುಳಿಯುತ್ತಿತ್ತು. ಬಾಗಿದ ಕಡ್ಡಿಯನ್ನು ಬೇಲಿಯ ಸಂದಿಯಿಂದ ಎಳೆದಂತೆ. ಅಕ್ಷರ ಓದಿ ನೋಡಿದರೆ ಐದಾರು ಎಗಳ ಗುಂಪು ಸುಮಾರು ಹತ್ತು ಅಕ್ಷರಗಳಿಗೊಮ್ಮೆ ಬರುತ್ತಿತ್ತು.

ಅಳೆಯುವ ಕೋಲು, ಕಟ್ಟುವ ಉಳಿ

ನಾಲ್ಕು ಅಕ್ಷರಗಳಿಂದ ಎರಡೆರಡರ ಜೋಡಿ ಮಾಡಿದರೆ 16 ಬಗೆ. ಎದುರಿನ ಎಳೆಯಿಂದ ಓದಿದಾಗ ಕೆಲವು ಒಂದೇ ಆಗುವುದರಿಂದ ನಿಜವಾಗಿ ಬೇರೆ ಬೇರೆಯಾದವು 10 ಮಾತ್ರ. ಈ ಹತ್ತು ಬಗೆಯ ಮೆಟ್ಟಿಲುಗಳ ಅಳತೆ ಗೊತ್ತಿದ್ದರೆ ಎಷ್ಟು ಉದ್ದದ ಸಾಲಿನ ಆಕಾರವನ್ನಾದರೂ ಕಟ್ಟಬಹುದಲ್ಲವೆ? ತತ್ವ ಸುಲಭ. ಆದರೆ ಒಬ್ಬೊಬ್ಬ ವಿಜ್ಞಾನಿ ಒಂದೊಂದು ಬಗೆಯಲ್ಲಿ ಕೋನ ಅಳೆಯುತ್ತಿದ್ದರು. ಒಬ್ಬರ ‘ಹೊರಳು’ ಇನ್ನೊಬ್ಬರ ‘ಹೊರಳಿ’ಗೆ ಸಮನಾಗುತ್ತಿರಲಿಲ್ಲ. 1988ರಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ ತಜ್ಞರು ಒಂದೇ ಪರಿಭಾಷೆಗೆ ಒಪ್ಪಿದರು.

ಬೆಂಗಳೂರಿನ ಮಂಜು ಬನ್ಸಾಲ್ ಈ ಹೊತ್ತಿಗೆ ಡಿಎನ್‌ಎಯ ಬಹುರೂಪಗಳ ಅಧ್ಯಯನದಲ್ಲಿ ಹಳಬರು. ರಾಮಚಂದ್ರನ್ ಮಾರ್ಗದರ್ಶನದಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ಮೂರೆಳೆ ಸುರುಳಿಯ ಮೇಲೆ ಪಿಎಚ್.ಡಿ. ಮಾಡಿದವರು. ಮುಂದೆ ಶಶಿಶೇಖರನ್ ಜೊತೆ ಬಲಮುರಿ-ಎಡಮುರಿಯ ಪ್ರಶ್ನೆಯಲ್ಲಿ ಕೆಲಸ ಮಾಡಿದವರು. 1995ರಲ್ಲಿ ಅವರು, ಧನಂಜಯ ಭಟ್ಟಾಚಾರ್ಯ ಮತ್ತು ಬಿ. ರವಿ ಸೇರಿ ಎರಡು ಕಂಪ್ಯೂಟರ್ ಪ್ರೋಗ್ರಾಂಗಳನ್ನು ಪ್ರಕಟಿಸಿದರು. ಒಂದರ ಹೆಸರು ನುಪಾರ್ಮ್, ಇನ್ನೊಂದರದು ನ್ಯೂಕ್‌ಜೆನ್.

ಬಡಗಿಯ ಚೀಲದಲ್ಲಿ ಅಳೆಯುವ ಕೋಲೂ ಇರುತ್ತದೆ, ಕೆತ್ತುವ ಉಳಿಯೂ ಇರುತ್ತದೆ. ನುಪಾರ್ಮ್ ಅಳತೆಯ ಕೋಲು. ಹರಳಿನಿಂದ ಬಂದ ಪರಮಾಣು ಸ್ಥಾನಗಳನ್ನು ಕೊಟ್ಟರೆ ಪ್ರತಿ ಮೆಟ್ಟಿಲಿನ ತಿರುಚು, ಹೊರಳು, ವಾಲು ಎಲ್ಲವನ್ನೂ ಲೆಕ್ಕ ಹಾಕಿ ಕೊಡುತ್ತದೆ. ನ್ಯೂಕ್‌ಜೆನ್ ಕಟ್ಟುವ ಉಳಿ. ಅಕ್ಷರಗಳ ಸಾಲನ್ನೂ ಹತ್ತು ಬಗೆಯ ಮೆಟ್ಟಿಲುಗಳ ಅಳತೆಯನ್ನೂ ಕೊಟ್ಟರೆ ಮೆಟ್ಟಿಲ ಮೇಲೆ ಮೆಟ್ಟಿಲಿಟ್ಟು ಇಡೀ ಅಣುವಿನ ಮೂರು ಆಯಾಮದ ಆಕಾರವನ್ನು ಕಟ್ಟಿ ತೋರಿಸುತ್ತದೆ. ಎಲ್ಲಿ ನೆಟ್ಟಗಿದೆ, ಎಲ್ಲಿ ಬಿಲ್ಲಿನಂತೆ ಬಾಗಿದೆ ಎಂಬುದು ಅದರಿಂದ ತಿಳಿಯುತ್ತದೆ. ಜೆಲ್‌ನಲ್ಲಿ ನಿಧಾನವಾಗಿ ಓಡುವ ತುಣುಕುಗಳು ಲೆಕ್ಕದಲ್ಲೂ ಬಾಗುತ್ತವೆಯೇ ಎಂದು ತಾಳೆ ನೋಡುವುದು ಇದರಿಂದ ಸಾಧ್ಯವಾಯಿತು.

ಹತ್ತು ನಿಯಮ ಸಾಕೆ?

ಬೇಗನೆ ಒಂದು ಮಾತು ಸ್ಪಷ್ಟವಾಯಿತು. ಹತ್ತು ಅಳತೆ ಸಾಲದು. ಒಂದೇ ಬಗೆಯ ಮೆಟ್ಟಿಲು ಅಕ್ಕಪಕ್ಕದ ನೆರೆಹೊರೆಗೆ ತಕ್ಕಂತೆ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತದೆ, ನಮ್ಮ ಬೀದಿಯ ಜನರಂತೆಯೇ. ನೆರೆಯವರನ್ನೂ ಲೆಕ್ಕಕ್ಕೆ ತೆಗೆದುಕೊಂಡು ನಾಲ್ಕು ಅಕ್ಷರಗಳ ಗುಂಪು ಮಾಡಿದರೆ 136 ಬಗೆ. ಆರು ಅಕ್ಷರದ ಗುಂಪಾದರೆ 2,080 ಬಗೆ. ಹರಳುಗಳಲ್ಲಿ ಇವೆಲ್ಲ ಬೇಕಾದಷ್ಟು ಸಿಗುವುದಿಲ್ಲ. ಅದಕ್ಕೆ ಹಲವು ದೇಶಗಳ ಪ್ರಯೋಗಾಲಯಗಳು ಒಂದು ಕೂಟ ಕಟ್ಟಿಕೊಂಡು 136 ಬಗೆಗಳನ್ನೂ ಕಂಪ್ಯೂಟರಿನಲ್ಲಿ ನೀರು, ಉಪ್ಪಿನ ಸಮೇತ ಅಲುಗಾಡಿಸಿ ನೋಡಿದವು. ಅದರ ಮೊದಲ ಫಲಿತಾಂಶಗಳು 2004ರಲ್ಲಿ ಬಂದವು.

ಅಮೆರಿಕದ ರೆಮೊ ರೋಸ್ ತಂಡ 2009ರಲ್ಲಿ ತೋರಿಸಿದ್ದು ಇನ್ನೊಂದು ಕೊಂಡಿಯನ್ನು. ಎ ಮತ್ತು ಟಿ ಒತ್ತಾಗಿರುವಲ್ಲಿ ಸಣ್ಣ ತೋಡು ಕಿರಿದಾಗುತ್ತದೆ. ಅಲ್ಲಿ ಋಣ ವಿದ್ಯುತ್ತಿನ ಪ್ರಭಾವ ಹೆಚ್ಚುತ್ತದೆ. ಧನ ವಿದ್ಯುತ್ ಹೊತ್ತ ಪ್ರೋಟೀನಿನ ಬೆರಳುಗಳು ಅಲ್ಲಿಗೇ ಹೋಗಿ ಹಿಡಿಯುತ್ತವೆ. ಡಿಕರ್ಸನ್ 1980ರಲ್ಲಿ ಕಂಡ ಕಿರಿದಾದ ತೋಡಿಗೆ ಹೀಗೊಂದು ಅರ್ಥ ಸಿಕ್ಕಿತು. ಐದೈದು ಅಕ್ಷರಗಳ ಕಿಟಕಿಯಿಂದ ಇಡೀ ಜೀನೋಮಿನ ಆಕಾರ ಅಂದಾಜು ಮಾಡುವ ವಿಧಾನವನ್ನು ಅದೇ ತಂಡ 2013ರಲ್ಲಿ ಹೊರತಂದಿತು. 2024ರಲ್ಲಿ ಬಂದ ಆಲ್ಫಾಫೋಲ್ಡ್-3 ಎಂಬ ಕೃತಕ ಬುದ್ಧಿಮತ್ತೆಯ ಸಾಧನ, ಡಿಎನ್‌ಎ ಮತ್ತು ಪ್ರೋಟೀನು ಕೈಹಿಡಿದು ನಿಂತ ಭಂಗಿಯನ್ನೇ ಊಹಿಸಲು ಹೊರಟಿತು.

ಇದರಿಂದ ಪ್ರಯೋಜನವೇನು ಎಂದು ಕೇಳುವವರಿಗೆ ಬೆಂಗಳೂರಿನದೇ ಒಂದು ಉದಾಹರಣೆ ಇದೆ. ಜೀನು ಎಲ್ಲಿಂದ ಶುರುವಾಗುತ್ತದೆ ಎಂಬ ಫಲಕ ಡಿಎನ್‌ಎಯಲ್ಲಿ ಎಲ್ಲ ಕಡೆ ಒಂದೇ ಅಕ್ಷರಗಳಲ್ಲಿ ಬರೆದಿರುವುದಿಲ್ಲ. ಹಾಗಾಗಿ ಅಕ್ಷರ ಹುಡುಕಿದರೆ ಮೋಸಹೋಗುವುದು ಹೆಚ್ಚು. ಬನ್ಸಾಲ್ ಮತ್ತು ಅದಿತಿ ಕಾನ್ಹೆರೆ 2005ರಲ್ಲಿ ತೋರಿಸಿದಂತೆ, ಜೀನಿನ ಹೊಸ್ತಿಲಿಗೆ ಮುಂಚಿನ ಭಾಗದಲ್ಲಿ ಎಳೆಗಳ ಹಿಡಿತ ಸಡಿಲ, ಬಾಗಿಕೊಂಡಿರುವ ಪ್ರವೃತ್ತಿ ಹೆಚ್ಚು, ಬೇರೆ ಕಡೆಗೆ ಬಗ್ಗಿಸುವುದು ಕಷ್ಟ. ಫಲಕದ ಅಕ್ಷರ ಬೇರೆಯಾದರೂ ಹೊಸ್ತಿಲಿನ ಆಕೃತಿ ಒಂದೇ ಬಗೆಯದು. ಆಕಾರವನ್ನು ಹುಡುಕಿದರೆ ಜೀನಿನ ಬಾಗಿಲು ಸಿಗುತ್ತದೆ.

ಮತ್ತೆ ಚೆಲುವಾಂಬಾ ಮ್ಯಾನ್ಷನ್‌ಗೆ

ಇಷ್ಟು ಸುತ್ತಿ ಬಂದ ಮೇಲೆ ಮೈಸೂರಿನ ಆ ಪ್ರಬಂಧ ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ. ಅಕ್ಷರವೇ ಆಕಾರವನ್ನು ಗೊತ್ತುಮಾಡುವುದಾದರೂ ಅದೊಂದೇ ಅಲ್ಲ. ಸುತ್ತಲಿನ ನೀರು, ಉಪ್ಪು, ಲೋಹದ ಕಣಗಳು ಅದೇ ಅಕ್ಷರಗಳನ್ನು ಬೇರೆ ಆಕಾರಕ್ಕೆ ತಳ್ಳಬಲ್ಲವು. ಸಿ ಮತ್ತು ಜಿ ಒಂದಾದ ಮೇಲೊಂದು ಬರುವ ಸಾಲು ಉಪ್ಪಿನಂಶ ಹೆಚ್ಚಾದರೆ ಎಡಮುರಿಯಾಗುವುದು ಗೊತ್ತಿತ್ತು. ಸಿಎಫ್‌ಟಿಆರ್‌ಐ ತಂಡ 2002ರಲ್ಲೇ ಪ್ರಕಟಿಸಿದ ಇನ್ನೊಂದು ಅಧ್ಯಯನ ಸಿಸಿಜಿ ಎಂಬ ಮೂರಕ್ಷರ ಹನ್ನೆರಡು ಸಲ ಮರುಕಳಿಸುವ ತುಣುಕನ್ನು ಕುರಿತದ್ದು. ಅಲ್ಯೂಮಿನಿಯಂ ಸೇರಿಸಿದಾಗ ಆ ತುಣುಕಿನ ಆಕಾರ ಬದಲಾಗುವುದನ್ನು ಅವರು ತೋರಿಸಿದರು. ಈ ಮೂರಕ್ಷರದ ಪುನರಾವರ್ತನೆ ಒಂದು ಜೀನಿನಲ್ಲಿ 200 ಸಲಕ್ಕಿಂತ ಹೆಚ್ಚಾದರೆ ಮಕ್ಕಳ ಬುದ್ಧಿ ಬೆಳವಣಿಗೆಯನ್ನು ಕುಂಠಿಸುವ ‘ಫ್ರಾಜೈಲ್ ಎಕ್ಸ್’ ಎಂಬ ತೊಂದರೆ ಬರುತ್ತದೆ. ಆ ಅಕ್ಷರಗಳೂ ಅವುಗಳ ಆಕಾರವೂ ಮಿದುಳಿನ ಮಟ್ಟಿಗೆ ಅಲಕ್ಷಿಸುವಂಥವಲ್ಲ.

ಮಿದುಳಿನಿಂದ ತೆಗೆದ ಡಿಎನ್‌ಎಯ ಮುರಿಯನ್ನು ತಿಳಿಯಲು ಅವರು ಬಳಸಿದ್ದು ಬೆಳಕಿನ ಪರೀಕ್ಷೆ. ಸುರುಳಿಯಂತೆ ತಿರುಗುತ್ತ ಸಾಗುವ ಬೆಳಕನ್ನು ಡಿಎನ್‌ಎ ದ್ರಾವಣದೊಳಗೆ ಹಾಯಿಸುತ್ತಾರೆ. ಎಡಕ್ಕೆ ತಿರುಗುವ ಬೆಳಕನ್ನೂ ಬಲಕ್ಕೆ ತಿರುಗುವ ಬೆಳಕನ್ನೂ ಡಿಎನ್‌ಎ ಒಂದೇ ಪ್ರಮಾಣದಲ್ಲಿ ಹೀರುವುದಿಲ್ಲ. ಈ ವ್ಯತ್ಯಾಸದ ಗೆರೆ ಬಲಮುರಿಗೆ ಒಂದು ರೀತಿ, ಎಡಮುರಿಗೆ ಹೆಚ್ಚುಕಡಿಮೆ ಅದರ ತಲೆಕೆಳಗಾದ ರೀತಿ. ಎರಡು ವರ್ಷದ ನಂತರ, 2004ರಲ್ಲಿ, ಅಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಗಂಟುಗಟ್ಟುವ ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನು ತುಣುಕೂ ಅಲ್ಯೂಮಿನಿಯಮ್ಮೂ ಡಿಎನ್‌ಎಯ ಸುರುಳಿಯನ್ನು ಬದಲಿಸಬಲ್ಲವು ಎಂದೂ ಇದೇ ಬಳಗ ವರದಿ ಮಾಡಿತು.

ಇಲ್ಲಿ ಅವಸರದ ತೀರ್ಮಾನ ಬೇಡ. ಕೆಲವೇ ಮಿದುಳುಗಳ ಮೇಲೆ ನಡೆದ ಅಧ್ಯಯನ ಅದು. ಡಿಎನ್‌ಎ ಎಡಮುರಿಯಾದದ್ದರಿಂದ ರೋಗ ಬಂತೋ, ರೋಗದಿಂದ ಕೋಶಗಳು ಹದಗೆಟ್ಟು ಡಿಎನ್‌ಎ ತಿರುಗಿತೋ ಎಂಬುದನ್ನು ಬೆಳಕಿನ ಗೆರೆ ಹೇಳಲಾರದು. ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಯನ್ನು ಇಂದೇ ಎಸೆಯಿರಿ ಎಂದು ಇದರಿಂದ ಯಾರೂ ಹೇಳುವಂತಿಲ್ಲ. ಆದರೆ ಎಡಮುರಿ ಡಿಎನ್‌ಎ ಹರಳಿನಲ್ಲಿ ಮಾತ್ರ ಕಾಣುವ ಆಟದ ಸಾಮಾನು ಎಂಬ ಹಳೆಯ ತಾತ್ಸಾರ ಈಗ ಉಳಿದಿಲ್ಲ. ನಮ್ಮ ಕೋಶಗಳಲ್ಲಿ ಝಡ್ ರೂಪವನ್ನೇ ಹುಡುಕಿ ಹಿಡಿಯುವ ಪ್ರೋಟೀನುಗಳಿವೆ. ಅಂಥದೊಂದು ಪ್ರೋಟೀನಿನ ಭಾಗ ಎಡಮುರಿ ಡಿಎನ್‌ಎಯನ್ನು ಹಿಡಿದ ಚಿತ್ರವನ್ನು ರಿಚ್ ಅವರ ತಂಡ 1999ರಲ್ಲಿ ಪ್ರಕಟಿಸಿತು. ವೈರಸ್ ವಿರುದ್ಧದ ನಮ್ಮ ದೇಹದ ಕಾವಲಿನಲ್ಲಿ ಇಂಥ ಪ್ರೋಟೀನುಗಳ ಪಾತ್ರ ಈಗ ದೊಡ್ಡ ಅಧ್ಯಯನದ ವಿಷಯ.

ಮೈಸೂರಿನ ಆ ಎರಡು ಪ್ರಬಂಧಗಳ ಲೇಖಕರ ಸಾಲಿನ ಕೊನೆಯಲ್ಲಿ ಒಂದು ಪರಿಚಿತ ಹೆಸರಿದೆ: ಎಂ. ಎ. ವಿಶ್ವಾಮಿತ್ರ. ಅವು ಅಚ್ಚಾಗಿ ಬರುವುದನ್ನು ನೋಡಲು ಅವರು ಇರಲಿಲ್ಲ. 2001ರಲ್ಲೇ ತೀರಿಕೊಂಡಿದ್ದರು. ನಾಲ್ಕು ಅಕ್ಷರಗಳ ಹರಳಿನಲ್ಲಿ ಅಕ್ಷರಕ್ಕೂ ಆಕಾರಕ್ಕೂ ಇರುವ ನಂಟನ್ನು ಕಂಡವರು, ಕೊನೆಗಾಲದಲ್ಲಿ ಅದೇ ನಂಟನ್ನು ಮರೆವಿನ ರೋಗ ತಗಲಿದ ಮಿದುಳಿನಲ್ಲಿ ಹುಡುಕುವವರ ಜೊತೆಗೂಡಿದ್ದರು. ಅಕ್ಷರ ಓದುವ ಯಂತ್ರಗಳು ಈಗ ಊರೂರಿಗೆ ಬಂದಿವೆ. ಮನುಷ್ಯನೊಬ್ಬನ ಇಡೀ ಬರಹವನ್ನು ಓದಲು ಹೆಚ್ಚು ದಿನ ಬೇಕಿಲ್ಲ. ಆ ಬರಹ ಕೋಶದೊಳಗೆ ಎಲ್ಲಿ ಬಾಗಿದೆ, ಎಲ್ಲಿ ಸೆಟೆದಿದೆ, ಎಲ್ಲಿ ಬಲಮುರಿ ಹೋಗಿ ಎಡಮುರಿಯಾಗಿದೆ ಎಂಬುದನ್ನು ಓದುವ ಕೆಲಸ ಮಾತ್ರ ಇನ್ನೂ ಬಾಕಿ ಇದೆ.